ಮೂಲಿಕೆಯ ಕೀರ್ತಿಯೂ ಉಪ್ಪಿನ ಋಣವೂ

ಗಿಡಮೂಲಿಕೆಗಳ ಸತ್ತ್ವವನ್ನು ತೆಗೆದು ಅದರಿಂದಲೇ ಆಹಾರವನ್ನು ಕೆಡದಂತೆ ಕಾಪಾಡಬಹುದೆಂಬ ಮಾತು ಈಚೆಗೆ ಎಷ್ಟು ಪ್ರತಿಷ್ಠೆಯನ್ನು ಗಳಿಸಿದೆಯೆಂದರೆ, ಅದನ್ನು ಪ್ರಶ್ನಿಸುವವನು ರಾಸಾಯನಿಕಗಳ ವ್ಯಾಪಾರಿಯ ಕಡೆಯವನೇ ಇರಬೇಕೆಂಬ ಸಂಶಯಕ್ಕೆ ಗುರಿಯಾಗುತ್ತಾನೆ. ಆ ಸಂಶಯವನ್ನು ಹೊತ್ತುಕೊಂಡೇ ಹೇಳುತ್ತೇನೆ: ಈ ಕೀರ್ತಿಯ ಬಹುಪಾಲು ಅನ್ಯರಿಗೆ ಸಲ್ಲತಕ್ಕದ್ದು.

ರೋಸ್‌ಮರಿಗೆ ಸಲ್ಲಬೇಕಾದ ಮನ್ನಣೆಯನ್ನು ಮೊದಲು ಸಲ್ಲಿಸಿಬಿಡೋಣ. ಅದರ ಕಾರ್ನೋಸಿಕ್ ಆಮ್ಲ, ಕಾರ್ನೋಸಾಲ್‌ಗಳು ಎಣ್ಣೆ ಕೊಬ್ಬುಗಳು ಗಾಳಿಗೆ ಕಮಟು ಹಿಡಿಯುವುದನ್ನು ತಡೆಯುತ್ತವೆ. ಐರೋಪ್ಯ ಒಕ್ಕೂಟವು 2010ರಲ್ಲಿ ಅದನ್ನು ಇ 392 ಎಂದು ಅಂಗೀಕರಿಸಿದ್ದು ಈ ಕಾರ್ಯಕ್ಕಾಗಿಯೇ. ಬೂಷ್ಟನ್ನೂ ಬ್ಯಾಕ್ಟೀರಿಯಗಳನ್ನೂ ತಡೆಯುವುದು ಬೇರೆಯೇ ಕೆಲಸ. ಲವಂಗದ ಯೂಜಿನಾಲ್ ಪ್ರಯೋಗಶಾಲೆಯ ಸಾರಿನಲ್ಲಿ ಅದನ್ನು ಮಾಡಿ ತೋರಿಸುತ್ತದೆ, ನಿಜ. ಮಾಂಸದಲ್ಲೋ ಗಿಣ್ಣಿನಲ್ಲೋ ಕೊಬ್ಬಿನೊಳಗೆ ಕರಗಿ, ಸಸಾರಜನಕಕ್ಕೆ ಅಂಟಿ, ಜೀವಾಣುವಿನ ಕೈಗೇ ಸಿಕ್ಕದಂತಾಗುತ್ತದೆ. ಪ್ರಮಾಣ ಹೆಚ್ಚಿಸಿದರೆ ತಿಂಡಿ ಔಷಧವಾಗುತ್ತದೆ.

ಅಪ್ಪೆಮಿಡಿಯ ಜಾಡಿಯಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಸಾಗರ, ಸಿರ್ಸಿಗಳ ಕಡೆ ಮಿಡಿಗಳನ್ನು ಉಪ್ಪಿನಲ್ಲಿಟ್ಟು, ಅವು ಸುಕ್ಕುಗಟ್ಟಿ ನೀರು ಬಿಟ್ಟಮೇಲೆ ಆ ಉಪ್ಪುನೀರನ್ನೇ ಕುದಿಸಿ ಆರಿಸಿ, ಅದರಲ್ಲಿ ಸಾಸಿವೆಯನ್ನೂ ಮೆಣಸಿನಕಾಯಿಯನ್ನೂ ಅರೆದು ಬೆರೆಸುವರು. ಸಾಸಿವೆ ಹಸಿಯದಾಗಿರಬೇಕೆಂಬ ಹಳಬರ ಹಟದಲ್ಲಿ ಅರ್ಥವಿದೆ: ಕಾಳು ಒಡೆದು ನೀರು ಸೋಕಿದೊಡನೆ ಮೈರೋಸಿನೇಸ್ ಎಂಬ ಕಿಣ್ವವು ಸಿನಿಗ್ರಿನ್ ಎಂಬುದನ್ನು ಸೀಳಿ, ಮೂಗಿಗೇರುವ ಘಾಟನ್ನು ಹುಟ್ಟಿಸುತ್ತದೆ, ಚೆನ್ನಾಗಿ ಹುರಿದರೆ ಕಿಣ್ವ ನಾಶವಾಗಿ ಘಾಟೇ ಹುಟ್ಟದು. ಈ ಘಾಟು ಸೂಕ್ಷ್ಮಜೀವಿಗಳಿಗೆ ಮಾರಕವೆಂಬುದೂ ನಿರ್ವಿವಾದ. ಆದರೆ ಅದು ನೀರಿನಲ್ಲಿ ಕ್ರಮೇಣ ವಿಘಟಿಸುವ, ಜಾಡಿಯ ಬಾಯಿ ತೆರೆದಾಗಲೆಲ್ಲ ಆವಿಯಾಗಿ ಹೋಗುವ ದ್ರವ್ಯ. ಹೊಸ ಉಪ್ಪಿನಕಾಯಿಯ ಘಾಟು ಹಳೆಯದರಲ್ಲಿಲ್ಲವೆಂಬುದು ಉಂಡವರಿಗೆಲ್ಲ ಗೊತ್ತು. ಆದರೂ ಹಳೆಯದು ಕೆಡುವುದಿಲ್ಲ. ಘಾಟಿಳಿದ ಮೇಲೆ ಅದನ್ನು ಕಾದವರಾರು? ಮಿಡಿಯ ಹುಳಿ, ಮತ್ತು ಜೀವಾಣುವಿನ ಮೈಯಿಂದಲೇ ನೀರನ್ನು ಸೆಳೆದುಕೊಳ್ಳುವ ಉಪ್ಪು.

ಇಷ್ಟು ಹೇಳಿದರೆ ನಮ್ಮ ಪರಂಪರಾಭಿಮಾನಿಗಳು ಬಿಲ್ಲಿಂಗ್ ಮತ್ತು ಶರ್ಮನ್ನರನ್ನು ಸಾಕ್ಷಿಗೆ ಕರೆಯುತ್ತಾರೆ. 36 ದೇಶಗಳ ಮಾಂಸದ ಅಡುಗೆಗಳನ್ನು ಪರಿಶೀಲಿಸಿ, ಸೆಕೆಯ ನಾಡುಗಳಲ್ಲಿ ಸಂಬಾರ ಹೆಚ್ಚೆಂದೂ, ಆಹಾರದ ರೋಗಾಣುಗಳನ್ನು ಕೊಲ್ಲುವುದೇ ಅದಕ್ಕೆ ಕಾರಣವೆಂದೂ ಅವರು 1998ರಲ್ಲಿ ವಾದಿಸಿದ್ದುಂಟು. ವಾದ ಸೊಗಸಾಗಿತ್ತು, ಸೊಗಸೇ ಅದರ ಅಪಾಯ. 2021ರಲ್ಲಿ ಬ್ರಾಮ್‌ಹ್ಯಾಮ್ ಮತ್ತು ಸಂಗಡಿಗರು ಇನ್ನೂ ವಿಸ್ತಾರವಾದ ಸಾಮಗ್ರಿಯನ್ನಿಟ್ಟುಕೊಂಡು ಮರಳಿ ತೂಗಿದಾಗ, ಖಾರದ ಊಟಕ್ಕೂ ವಾಹನಾಪಘಾತದ ಮರಣಗಳಿಗೂ ಸಂಬಂಧ ಕಂಡುಬಂದಿತು! ಬಡತನವಿದ್ದಲ್ಲಿ ಎರಡೂ ಹೆಚ್ಚೆಂಬುದಲ್ಲದೆ ಅದರಿಂದ ಇನ್ನೇನನ್ನು ತಾನೆ ಹೇಳಬಹುದು? ಸಂಬಾರದ ಡಬ್ಬಿ ಬಸ್ಸನ್ನು ಉರುಳಿಸುವುದಿಲ್ಲವಷ್ಟೆ. ಆದರೂ ಹಳೆಯ ಪ್ರಬಂಧವನ್ನು ಉಲ್ಲೇಖಿಸುವವರಲ್ಲಿ ಹೊಸದನ್ನು ಓದಿದವರು ವಿರಳ.

ಕರಿದ ತಿಂಡಿಯ ಎಣ್ಣೆಗೆ ರೋಸ್‌ಮರಿ ಸೇರಿಸುವವರೊಡನೆ ನನಗೆ ಜಗಳವಿಲ್ಲ. ಉಪ್ಪನ್ನು ಅರ್ಧಕ್ಕಿಳಿಸಿ, ಆ ತೆರಪನ್ನು ಮೂಲಿಕೆಯ ಸತ್ತ್ವದಿಂದ ತುಂಬಿ, ಅಟ್ಟದ ಮೇಲೆ ವರ್ಷವಿಡೀ ಇಡಬಹುದೆಂದು ಉಪ್ಪಿನಕಾಯಿ ಮಾರುವವರನ್ನು ಮಾತ್ರ, ಬೂಷ್ಟು ಕಾಣುವ ಮೊದಲೇ ಪ್ರಶ್ನಿಸತಕ್ಕದ್ದು.