ಅಕ್ಷರ ಬೇರೆ, ಆಕಾರ ಬೇರೆ

ಕಂಪ್ಯೂಟರನ್ನು ಹೊಸದಾಗಿ ಕಲಿಯುವವರಿಗಾಗಿ ಕನ್ನಡದಲ್ಲಿ ಬಂದಿರುವ ಕೈಪಿಡಿಗಳು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಮೊದಲು ಚಾರ್ಲ್ಸ್ ಬ್ಯಾಬೇಜನ ಕಥೆ, ಅನಂತರ ಯಂತ್ರದ ಅಂಗಾಂಗಗಳ ಚಿತ್ರ, ಆಮೇಲೆ ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬ ಪಟ್ಟಿ. ಗುಂಡಿಗಳ ಪಟ್ಟಿ ಬೇಡವೆಂದಲ್ಲ. ಆದರೆ ಅದು ನಾಲ್ಕು ದಿನದಲ್ಲಿ ಹಳತಾಗುತ್ತದೆ. ಹಳತಾಗದ ಪಾಠವೊಂದಿದೆ. ಅದನ್ನು ಈ ಕೈಪಿಡಿಗಳಾಗಲಿ, ಕನ್ನಡ ಬರೆಯುವ ತಂತ್ರಾಂಶಗಳಾಗಲಿ ಹೊಸಬರಿಗೆ ಬಿಡಿಸಿ ಹೇಳಲಿಲ್ಲ ಎಂಬುದೇ ಈ ಲೇಖನದ ಆಕ್ಷೇಪ. ಪಾಠ ಇಷ್ಟೇ: ಕಂಪ್ಯೂಟರಿನಲ್ಲಿ ಅಕ್ಷರ ಬೇರೆ, ಅದರ ಆಕಾರ ಬೇರೆ.

ಊರಿನಿಂದ ದೂರವಿರುವ ನಮಗೆ ಇದು ಬರಿಯ ಪಾಂಡಿತ್ಯದ ಮಾತಲ್ಲ. ಸಂಘದ ವಾರ್ಷಿಕ ವರದಿ, ನಾಟಕದ ಪ್ರತಿ, ಮನೆಯ ಹಿರಿಯರು ಬರೆಸಿದ ನೆನಪುಗಳು, ಊರಿನ ನೆಂಟರಿಗೆ ಬರೆದ ಪತ್ರ – ಕಳೆದ ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ಬರವಣಿಗೆ ಬಹಳಷ್ಟು ಕಂಪ್ಯೂಟರಿನ ಹೊಟ್ಟೆ ಸೇರಿದೆ. ಅದರಲ್ಲಿ ಎಷ್ಟು ಮಕ್ಕಳ ಕೈಗೆ ಓದಲು ಬರುವಂತೆ ದಕ್ಕೀತು ಎಂಬುದು ಈ ಪಾಠವನ್ನು ಅವಲಂಬಿಸಿದೆ.

ಬೆರಳಚ್ಚು ಯಂತ್ರದಲ್ಲಿ ಈ ತೊಡಕಿರಲಿಲ್ಲ. ಕೀಲಿ ಒತ್ತಿದಾಗ ಕಾಗದದ ಮೇಲೆ ಮೂಡಿದ್ದೇ ಅಕ್ಷರ. ಅದನ್ನು ಎಲ್ಲಿಗೆ ಒಯ್ದರೂ ಅದು ಅದೇ. ಕಂಪ್ಯೂಟರು ಹಾಗಲ್ಲ. ಅದು ಒಳಗೆ ಬರೆದಿಡುವುದು ಸಂಖ್ಯೆಯನ್ನು. ಆ ಸಂಖ್ಯೆಗೆ ಪರದೆಯ ಮೇಲೆ ರೂಪ ತೊಡಿಸುವುದು ಫಾಂಟ್. ಯೂನಿಕೋಡ್ ಎಂಬ ಜಾಗತಿಕ ಪದ್ಧತಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗವಿದೆ. 3200ರಿಂದ 3327ರವರೆಗಿನ 128 ಮನೆಗಳು ನಮ್ಮವು. ‘ಕ’ ಎಂದರೆ 3221; ಅದು ದೆಹಲಿಯಲ್ಲೂ ಅಷ್ಟೇ, ಧಾರವಾಡದಲ್ಲೂ ಅಷ್ಟೇ. ‘ಕನ್ನಡ’ ಎಂದು ಬರೆದರೆ ಒಳಗೆ ಐದು ಸಂಖ್ಯೆಗಳು ಕೂರುತ್ತವೆ: ಕ, ನ, ಸ್ವರವನ್ನು ಕಳೆಯುವ ಹಲಂತದ ಗುರುತು, ಮತ್ತೊಂದು ನ, ಡ. ಎರಡನೆಯ ನಕಾರವನ್ನು ಒತ್ತಾಗಿ ಕೆಳಗಿಳಿಸುವುದು ಆಕಾರಕ್ಕೆ ಸೇರಿದ ಕೆಲಸ.

1990ರ ದಶಕದಲ್ಲಿ ಮನೆಗಳಲ್ಲಿದ್ದ ಸಾಮಾನ್ಯ ಕಂಪ್ಯೂಟರುಗಳಿಗೆ ಹೀಗೆ ಒತ್ತು ಕೂಡಿಸಿ ತೋರಿಸಲು ಬರುತ್ತಿರಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ, ‘ತುಂಗಾ’ ಎಂಬ ಫಾಂಟಿನ ಮೂಲಕ, ಆ ಸೌಲಭ್ಯ ಜನಸಾಮಾನ್ಯರಿಗೆ ಸಿಕ್ಕಿತು. ಅಲ್ಲಿಯವರೆಗೆ ಕನ್ನಡಿಗರು ಕೈಕಟ್ಟಿ ಕೂರಲಿಲ್ಲ ಎಂಬುದು ಅಭಿಮಾನದ ಸಂಗತಿ. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರಲ್ಲಿ ಬಂತು; ಕೆಲವೇ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂತು. ಆ ಕಾಲದ ಫಾಂಟುಗಳು ಹಿಡಿದ ದಾರಿ ಜಾಣತನದ್ದು. ಇಂಗ್ಲಿಷ್ ಲಿಪಿಯ ಸಂಖ್ಯೆಗಳನ್ನೇ ಇಟ್ಟುಕೊಂಡು ಅವುಗಳ ಮೇಲೆ ಕನ್ನಡದ ತುಂಡುಗಳನ್ನು ಹೊದಿಸಲಾಯಿತು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ಕ್ಕೆ ಏಳು ತುಂಡು: ಕಕಾರದ ಒಡಲು, ಅದರ ತಲಕಟ್ಟು, ನಕಾರದ ಒಡಲು, ತಲಕಟ್ಟು, ನಕಾರದ ಒತ್ತು, ಡಕಾರದ ಒಡಲು, ತಲಕಟ್ಟು. ನಮ್ಮ ಕಣ್ಣಿಗೆ ಅದು ಕನ್ನಡ. ಯಂತ್ರದ ಲೆಕ್ಕದಲ್ಲಿ ಇಂಗ್ಲಿಷ್.

ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕಡತ ತೆರೆದರೆ ಗುಟ್ಟು ರಟ್ಟಾಗುತ್ತದೆ. ‘ಕನ್ನಡ’ ಇದ್ದಲ್ಲಿ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು ಮೊದಲಾದವು ಸಾಲುಗಟ್ಟಿ ನಿಲ್ಲುತ್ತವೆ. ತಿಳಿಯದವರು ಕಡತ ಕೆಟ್ಟಿತೆಂದು ಅಳಿಸಿಬಿಟ್ಟರೆ ಆಶ್ಚರ್ಯವಿಲ್ಲ. ನಿಜಕ್ಕೂ ಅದು ಕೆಟ್ಟಿಲ್ಲ; ಮೈಮೇಲಿನ ಬಟ್ಟೆ ಜಾರಿದೆ, ಅಷ್ಟೆ. ಇನ್ನು ಅಂಥ ಕಡತದಲ್ಲಿ ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ ಅಜ್ಜನ ಹೆಸರನ್ನು ಹುಡುಕಿದರೆ ಸಿಗದು; ಸದಸ್ಯರ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸೆಂದರೆ ಯಂತ್ರ ಇಂಗ್ಲಿಷಿನ ಕ್ರಮದಲ್ಲಿ ಜೋಡಿಸುತ್ತದೆ.

ಬರಹವಾಗಲಿ ನುಡಿಯಾಗಲಿ ಮುಂದೆ ಯೂನಿಕೋಡನ್ನೂ ಅಳವಡಿಸಿಕೊಂಡವು. ಆಕ್ಷೇಪ ಹುಟ್ಟುವುದು ಇಲ್ಲಿ. ಹಳೆಯ ದಾರಿ, ಹೊಸ ದಾರಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ‘ಆರಿಸಿಕೊಳ್ಳಿ’ ಎಂದರೆ, ವ್ಯತ್ಯಾಸವೇ ಗೊತ್ತಿಲ್ಲದ ಹೊಸಬರು ಏನನ್ನು ಆರಿಸಿಕೊಳ್ಳಬೇಕು? ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸಲು ಬಾರದ ಕಾರಣ, ಅದನ್ನು ನಂಬಿದ್ದ ಅಚ್ಚುಕೂಟಗಳು ಹಳೆಯ ಫಾಂಟನ್ನೇ ಕೇಳಿದವು. ಕೇಳಿದ್ದನ್ನು ಕೊಟ್ಟೆವು; ನಮ್ಮಲ್ಲಿ ಉಳಿದದ್ದೂ ಅದೇ.

ಕೀಲಿಮಣೆಯ ವಿಷಯದಲ್ಲೂ ಇದೇ ಕೊರತೆ. ಇಂಗ್ಲಿಷ್ ಕಾಗುಣಿತದಲ್ಲಿ ಬರೆದು ಕನ್ನಡ ಪಡೆಯುವ ಬರಹದ ಕ್ರಮ ಹೊರನಾಡಿನ ಎಷ್ಟೋ ಜನರನ್ನು ಮತ್ತೆ ಕನ್ನಡ ಬರವಣಿಗೆಗೆ ಕರೆತಂದಿತು. ಅದರ ಉಪಕಾರ ದೊಡ್ಡದು. ಆದರೆ ಅಕ್ಷರಾಭ್ಯಾಸ ಇನ್ನೂ ಗಟ್ಟಿಯಾಗದ ಮಗುವಿಗೆ ಅದು ಇಂಗ್ಲಿಷಿನ ಊರುಗೋಲಾಗುತ್ತದೆ. ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ, ನುಡಿಯಲ್ಲಿರುವುದೂ ಅದೇ, ಎಫ್ ಕೀಲಿ ಹಲಂತದ ಕೀಲಿ. ನ, ಹಲಂತ, ನ ಎಂದು ಒತ್ತಿದಾಗ ಒತ್ತಕ್ಷರ ಹುಟ್ಟುವ ಬಗೆ ಬೆರಳಿಗೇ ತಿಳಿಯುತ್ತದೆ. ಇನ್‌ಸ್ಕ್ರಿಪ್ಟ್ ಎಂಬ ಮೂರನೆಯ ವಿನ್ಯಾಸದಲ್ಲಿ ಕನ್ನಡದ ಕ ಇರುವ ಕೀಲಿಯಲ್ಲೇ ದೇವನಾಗರಿಯ ಕ ಕೂಡ ಇದೆ. ಮುಂಬಯಿ, ಪುಣೆಗಳಲ್ಲಿ ಆ ಕ್ರಮದಲ್ಲಿ ಮರಾಠಿ ಕಲಿತ ಮಗು ಕನ್ನಡಕ್ಕೆ ಹೊಸದಾಗಿ ಕಲಿಯಬೇಕಾದದ್ದು ಬಹಳ ಕಡಿಮೆ. ಈ ಮಾತು ಹೊರನಾಡಿನವರಿಗಾಗಿ ಬರೆದ ಕೈಪಿಡಿಯ ಮೊದಲ ಪುಟದಲ್ಲೇ ಇರಬೇಕಿತ್ತು. ಈಗ ಮಾತನಾಡಿದರೆ ಫೋನೇ ಬರೆದುಕೊಡುತ್ತದೆ, ನಿಜ. ಆದರೆ ಅದು ತಪ್ಪು ಬರೆದಾಗ ಗುರುತಿಸಲು ನಮಗೆ ಅಕ್ಷರ ಬರಬೇಕಲ್ಲ!

ಹೊಸಬರಿಗೆ ಪಾಠ ಹೇಳುವವರು ಒಂದು ಸುಲಭ ಪರೀಕ್ಷೆಯಿಂದ ತೊಡಗಬಹುದು. ಹಳೆಯ ಕಡತದ ನಕಲೊಂದನ್ನು ತೆರೆದು, ಕನ್ನಡದ ನಾಲ್ಕು ಸಾಲು ಆರಿಸಿ, ಯಾವುದಾದರೂ ಇಂಗ್ಲಿಷ್ ಫಾಂಟಿಗೆ ಬದಲಿಸಿ. ಸಾಲು ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್, ಚಿಂತೆಯಿಲ್ಲ. ಗೀಟು, ಪೌಂಡುಗಳು ಎದ್ದುನಿಂತರೆ ಅದು ಹಳೆಯ ಬಗೆ. ಅದನ್ನು ಯೂನಿಕೋಡಿಗೆ ತಿರುಗಿಸುವ ಸಲಕರಣೆಗಳಿವೆ. ತಿರುಗಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಮೂಲದೊಡನೆ ಹೋಲಿಸಿ ನೋಡಬೇಕು. ಮೂಲ ಕಡತವನ್ನೂ ಫಾಂಟನ್ನೂ ಎಸೆಯಬಾರದು.

ಬರಹ, ನುಡಿಗಳ ಋಣವನ್ನು ಅಲ್ಲಗಳೆಯುವುದು ಈ ವಿಮರ್ಶೆಯ ಉದ್ದೇಶವಲ್ಲ. ಅವು ಬಾರದಿದ್ದರೆ ಆ ವರ್ಷಗಳಲ್ಲಿ ನಾವು ಬರೆದದ್ದು ಕನ್ನಡದಲ್ಲಿ ಇರುತ್ತಲೇ ಇರಲಿಲ್ಲವೇನೋ. ಆದರೆ ಬಳಸುವುದನ್ನು ಕಲಿಸಿ ತಿಳಿಯುವುದನ್ನು ಬಿಟ್ಟ ಪಾಠ ಅರೆಪಾಠ. ಆ ಫಾಂಟುಗಳಿರುವ ಹಳೆಯ ಕಂಪ್ಯೂಟರುಗಳು ಗುಜರಿಗೆ ಹೋಗುವ ಮೊದಲು, ಮನೆಯಲ್ಲಿ ಕಂಪ್ಯೂಟರ್ ಬಲ್ಲ ಮಕ್ಕಳೂ ಕನ್ನಡ ಬಲ್ಲ ಹಿರಿಯರೂ ಒಂದು ಭಾನುವಾರ ಒಟ್ಟಿಗೆ ಕುಳಿತರೆ ಉಳಿದ ಅರ್ಧ ಪೂರ್ತಿಯಾದೀತು.