ಮಾವಿನಕೆರೆಯ ಎಂಬತ್ತು ಸೀಟು

ಹಾಸನ ಜಿಲ್ಲೆಗೆ ಇರುವುದು ಒಂದೇ ಜವಾಹರ ನವೋದಯ ವಿದ್ಯಾಲಯ. ಮಾವಿನಕೆರೆಯ ಆ ಶಾಲೆ ಆರನೇ ತರಗತಿಗೆ ವರ್ಷಕ್ಕೆ 80 ಮಕ್ಕಳನ್ನು ತೆಗೆದುಕೊಳ್ಳುತ್ತದೆ. ಜಿಲ್ಲೆಯ ಎಂಟು ತಾಲ್ಲೂಕಿಗೆ ಸಮನಾಗಿ ಹಂಚಿದರೆ ತಾಲ್ಲೂಕಿಗೆ ಹತ್ತು. ಆ ಹತ್ತನ್ನು ಚನ್ನರಾಯಪಟ್ಟಣ ತಾಲ್ಲೂಕಿನ ಆರು ಹೋಬಳಿಗೆ ಹಂಚಿದರೆ ಅವುಗಳಲ್ಲಿ ಒಂದಾದ ಬಾಗೂರಿನ ಪಾಲಿಗೆ ಎರಡೂ ತುಂಬುವುದಿಲ್ಲ. ಸೀಟು ಹಂಚುವ ಕ್ರಮ ಹೀಗಿಲ್ಲ, ನಿಜ. ಆದರೂ ಫಲಿತಾಂಶಕ್ಕೆ ಕಾಯುವ ಅಪ್ಪ ಅಮ್ಮಂದಿರು ಎಷ್ಟು ಸಣ್ಣ ಕಿಂಡಿಯ ಮುಂದೆ ನಿಂತಿದ್ದಾರೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ನನಗೆ ಈ ಶಾಲೆಗಳ ಮೇಲೆ ತಕರಾರಿಲ್ಲ. ಊಟ, ವಸತಿ, ಪುಸ್ತಕ, ಬಟ್ಟೆ ಕೊಟ್ಟು ಏಳು ವರ್ಷ ಓದಿಸುವ ನವೋದಯವಾಗಲಿ, ಐದು ವರ್ಷ ಓದಿಸುವ ಮೊರಾರ್ಜಿ ದೇಸಾಯಿ ವಸತಿ ಶಾಲೆಯಾಗಲಿ, ಹಳ್ಳಿಯ ಬಡ ಮನೆಗೆ ಮಾಡಿದ ಉಪಕಾರ ದೊಡ್ಡದು. ಒಂದೂವರೆ ಎಕರೆ ರಾಗಿ ಹೊಲ, ಹತ್ತಿಪ್ಪತ್ತು ತೆಂಗಿನ ಮರ, ಎರಡು ಹಸುವಿನ ಹಾಲು ನಂಬಿದ ಸಂಸಾರದಿಂದ ಡಾಕ್ಟರು, ಎಂಜಿನಿಯರು, ಮೇಷ್ಟ್ರು ಆಗಿ ಹೊರಟವರನ್ನು ಈ ಸೀಮೆಯ ಜನ ಕಣ್ಣಾರೆ ಕಂಡಿದ್ದಾರೆ. ನನ್ನ ತಕರಾರಿರುವುದು ಹತ್ತು ಹನ್ನೊಂದು ವರ್ಷದ ಮಕ್ಕಳನ್ನು ಆರಿಸುವ ಪದ್ಧತಿಯ ಮೇಲೆ. ಅದಕ್ಕಿಂತ ಹೆಚ್ಚಾಗಿ, ಆರಿಸಿದ್ದನ್ನು ಮನೆಯವರಿಗೆ ತಿಳಿಸುವ ರೀತಿಯ ಮೇಲೆ.

ಐದನೇ ಕ್ಲಾಸಿಗೇ ಇಷ್ಟು ತಳಮಳ ಏಕೆ ಎಂದು ಬೆಂಗಳೂರಿನವರು ಕೇಳಬಹುದು. ಇಲ್ಲಿನ ಅನೇಕ ಹಳ್ಳಿಗಳಲ್ಲಿರುವುದು ಕಿರಿಯ ಪ್ರಾಥಮಿಕ ಶಾಲೆ. ಅದು ಐದಕ್ಕೆ ಮುಗಿಯುತ್ತದೆ. ಮುಂದಿನ ಜೂನ್‌ಗೆ ಮಗು ಹೇಗೂ ಬೇರೆ ಶಾಲೆಗೆ ಹೋಗಲೇಬೇಕು: ಪಕ್ಕದ ಊರಿನ ಹಿರಿಯ ಪ್ರಾಥಮಿಕಕ್ಕೆ, ಹೋಬಳಿಗೆ, ಇಲ್ಲವೇ ಹಳದಿ ವ್ಯಾನು ಹತ್ತಿ ಪೇಟೆಯ ಕಾನ್ವೆಂಟಿಗೆ. ದಾರಿ ಕವಲೊಡೆಯುವ ಆ ಹೊತ್ತಿಗೆ ಸರಿಯಾಗಿ ಸರ್ಕಾರ ಪರೀಕ್ಷೆ ಇಟ್ಟಿದೆ. ಬರೆಸದೆ ಬಿಟ್ಟರೆ ಮಗುವಿಗೆ ನಾವೇ ಮೋಸ ಮಾಡಿದ ಹಾಗೆ ಎಂಬ ಭಾವನೆ ಹೆತ್ತವರಿಗೆ ಬರುವುದು ಸಹಜ. ನವೋದಯದ ಪರೀಕ್ಷೆಯನ್ನು ಒಂದು ಮಗು ಒಮ್ಮೆ ಮಾತ್ರ ಬರೆಯಬಹುದು. ಮುಂದಿನ ವರ್ಷ ನೋಡೋಣ ಎನ್ನುವ ಹಾಗಿಲ್ಲ.

ನವೋದಯ ಹುಟ್ಟಿದ್ದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಿಂದ. ಸೀಟುಗಳಲ್ಲಿ ಕನಿಷ್ಠ ಶೇ 75 ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಪಾಲು ಹೆಣ್ಣುಮಕ್ಕಳಿಗೆ. ಗ್ರಾಮೀಣ ಕೋಟಾ ಬೇಕಾದರೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ನಮ್ಮ ರಾಜ್ಯದ ಮೊರಾರ್ಜಿ ಶಾಲೆಗಳು ಶುರುವಾದದ್ದು 1996-97ರಲ್ಲಿ. ಅವನ್ನೂ ಕಿತ್ತೂರು ರಾಣಿ ಚೆನ್ನಮ್ಮ, ಅಂಬೇಡ್ಕರ್, ಅಟಲ್ ಬಿಹಾರಿ ವಾಜಪೇಯಿ, ಇಂದಿರಾ ಗಾಂಧಿ ಹೆಸರಿನ ವಸತಿ ಶಾಲೆಗಳನ್ನೂ ನೋಡಿಕೊಳ್ಳುವ ಸಂಘ ಸ್ಥಾಪನೆಯಾದದ್ದು 1999ರಲ್ಲಿ. ಈಗ ಅದರ ಕೈಕೆಳಗೆ ಎಂಟುನೂರಕ್ಕೂ ಹೆಚ್ಚು ಶಾಲೆಗಳಿವೆ. ಇವಲ್ಲದೆ ಆದರ್ಶ ವಿದ್ಯಾಲಯಗಳ ಪರೀಕ್ಷೆ ಬೇರೆ. ಅರಕಲಗೂಡು ಕಡೆಯವರಿಗೆ ಹತ್ತಿರವೇ ಆಗುವ ಕೂಡಿಗೆಯ ಸೈನಿಕ ಶಾಲೆಯ ಪರೀಕ್ಷೆ ಮತ್ತೂ ಬೇರೆ. ಒಂದೇ ಮಗು ಒಂದೇ ಚಳಿಗಾಲದಲ್ಲಿ ಮೂರು ನಾಲ್ಕು ಹಾಲ್ ಟಿಕೆಟ್ ಹಿಡಿದು ಓಡಾಡುವುದು ಇಲ್ಲಿ ಮಾಮೂಲು.

ಮೊದಲು ನವೋದಯದ ಪ್ರಶ್ನೆಪತ್ರಿಕೆಯನ್ನೇ ನೋಡೋಣ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ, ಅಂದರೆ 50 ಅಂಕ, ಮಾನಸಿಕ ಸಾಮರ್ಥ್ಯಕ್ಕೆ. ಗಣಿತಕ್ಕೆ 25, ಭಾಷೆಗೆ 25. ಕನ್ನಡದಲ್ಲೇ ಬರೆಯಬಹುದು. ಮಾನಸಿಕ ಸಾಮರ್ಥ್ಯದ ಭಾಗದಲ್ಲಿ ಮಾತೇ ಇಲ್ಲ, ಬರೀ ಚಿತ್ರಗಳು. ಗುಂಪಿಗೆ ಸೇರದ್ದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮಡಿಸಿದ ಕಾಗದಕ್ಕೆ ತೂತು ಹೊಡೆದು ಬಿಡಿಸಿದರೆ ಹೇಗಿರುತ್ತದೆ, ದೊಡ್ಡ ಆಕೃತಿಯೊಳಗೆ ಅಡಗಿದ ಸಣ್ಣ ಆಕೃತಿ ಎಲ್ಲಿದೆ, ಹೀಗೆ. ಇದರ ಹಿಂದಿನ ವಿಚಾರ ಒಳ್ಳೆಯದೇ. ಶಾಲೆಯಲ್ಲಿ ಮೇಷ್ಟ್ರು ಎಷ್ಟು ಪಾಠ ಮಾಡಿದರು, ಮನೆಯಲ್ಲಿ ಪುಸ್ತಕ ಇತ್ತೇ ಎಂಬುದನ್ನು ಲೆಕ್ಕಿಸದೆ ಮಗುವಿನ ಸಹಜ ಚುರುಕನ್ನು ಅಳೆಯಬೇಕು, ಹಳ್ಳಿಯ ಮಗುವಿಗೆ ಅನ್ಯಾಯ ಆಗಬಾರದು ಎಂಬುದು.

ಆದರೆ ಕಾಗದದ ಮೇಲಿನ ಈ ಸದಾಶಯ ಚನ್ನರಾಯಪಟ್ಟಣ, ಹಾಸನ, ಹೊಳೆನರಸೀಪುರದ ಬೀದಿಗಳಲ್ಲಿ ತಲೆಕೆಳಗಾಗಿದೆ. ಆಕೃತಿಗಳ ಪ್ರಶ್ನೆಯಷ್ಟು ಸುಲಭವಾಗಿ ಅಭ್ಯಾಸದಿಂದ ಒಲಿಯುವುದು ಬೇರೊಂದಿಲ್ಲ. ಕನ್ನಡಿ ಬಿಂಬದ ಲೆಕ್ಕವನ್ನು ಮೊದಲ ಸಲ ನೋಡಿದ ಜಾಣ ಮಗು ಒಂದು ನಿಮಿಷ ಕಣ್ಣರಳಿಸಿ ಕೂರುತ್ತದೆ. ಅಂಥವನ್ನೇ ಸಾವಿರ ಸಲ ತಿದ್ದಿದ ಸಾಧಾರಣ ಮಗು ಹತ್ತು ಸೆಕೆಂಡಿನಲ್ಲಿ ಉತ್ತರದ ವೃತ್ತ ತುಂಬುತ್ತದೆ. ಶಾಲೆಯ ಪಠ್ಯದಲ್ಲಿ ಇಲ್ಲದ ವಿಷಯಕ್ಕೆ ಅರ್ಧದಷ್ಟು ಅಂಕ ಇಟ್ಟ ಮೇಲೆ ಅದನ್ನು ಕಲಿಸುವ ಅಂಗಡಿ ತೆರೆಯದೆ ಇರುತ್ತದೆಯೇ? ಭಾನುವಾರದ ಕೋಚಿಂಗ್, ದಸರಾ ರಜೆಯ ಕೋಚಿಂಗ್, ಕೊನೆಗೆ ಹಾಸ್ಟೆಲ್ ಸಮೇತ ಕೋಚಿಂಗ್. ಹಳ್ಳಿ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಮಗು ಮಾತ್ರ ಪೇಟೆಯ ಕೋಚಿಂಗ್‌ನಲ್ಲಿರುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಆ ಶುಲ್ಕ ಕಟ್ಟಲಾರದ ಮನೆಗೇ ನವೋದಯ ಹೆಚ್ಚು ಬೇಕಾಗಿದ್ದದ್ದು. ಈ ಒಂದು ಕಾರಣಕ್ಕೇ ಪ್ರಶ್ನೆಪತ್ರಿಕೆ ತನ್ನ ಉದ್ದೇಶದಲ್ಲಿ ಸೋತಿದೆ ಎಂದು ಹೇಳುತ್ತೇನೆ.

ಐದನೇ ಕ್ಲಾಸು ಮಕ್ಕಳ ಬಾಳಿನಲ್ಲಿ ಒಂದು ಸೊಗಸಾದ ವರ್ಷ. ಕಥೆ ಪುಸ್ತಕ ತಾವಾಗಿಯೇ ಓದಲು ತೊಡಗುವ, ಭಿನ್ನರಾಶಿ ತಲೆಗೆ ಹತ್ತುವ, ಕೆರೆಯಲ್ಲಿ ಈಜು ಕಲಿಯುವ ವಯಸ್ಸು. ಆ ವರ್ಷವನ್ನು ಗೈಡು ಪುಸ್ತಕಕ್ಕೆ ಬರೆದುಕೊಟ್ಟಿದ್ದೇವೆ.

ಇನ್ನು ಕಾಯುವಿಕೆ. ನವೋದಯದ ಪರೀಕ್ಷೆ 2024ರಲ್ಲಿ ಜನವರಿ 20ಕ್ಕೆ, 2025ರಲ್ಲಿ ಜನವರಿ 18ಕ್ಕೆ ನಡೆಯಿತು. ಎರಡೂ ವರ್ಷ ಫಲಿತಾಂಶ ಮಾರ್ಚ್ ಕೊನೆಗೆ ಬಂತು. ಇದು ಸುಧಾರಣೆಯೇ, ಒಪ್ಪಿಕೊಳ್ಳಬೇಕು. ಕೋವಿಡ್ ನಂತರದ 2022ರಲ್ಲಿ ಪರೀಕ್ಷೆ ನಡೆದದ್ದೇ ಏಪ್ರಿಲ್ 30ಕ್ಕೆ. ಫಲಿತಾಂಶ ಬರುವ ಹೊತ್ತಿಗೆ ಜುಲೈ ಬಂದು ನಮ್ಮ ಶಾಲೆಗಳಲ್ಲಿ ಪಾಠ ಶುರುವಾಗಿತ್ತು. ಆದರೆ ಬೇಗ ಬಂದರೂ ಬರುವುದೇನು? ರೋಲ್ ನಂಬರು, ಹುಟ್ಟಿದ ದಿನಾಂಕ ಒತ್ತಿದರೆ ಆಯ್ಕೆಯಾಗಿದೆ ಅಥವಾ ಆಗಿಲ್ಲ ಎಂಬ ಒಂದು ಸಾಲು. ಮಗು ಎಷ್ಟು ಅಂಕ ತೆಗೆಯಿತು, ತನ್ನ ವರ್ಗದಲ್ಲಿ ಎಷ್ಟಕ್ಕೆ ಸೀಟು ನಿಂತಿತು, ಎಷ್ಟು ದೂರದಲ್ಲಿ ತಪ್ಪಿತು ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಮರುಎಣಿಕೆಗೆ ಅವಕಾಶವೂ ಇಲ್ಲ. ಗ್ರಾಮ ಒನ್ ಕೇಂದ್ರದ ಮುಂದೆ ನಿಂತ ತಾಯಿಗೆ, ಒಂದು ವರ್ಷ ಆಟ ಬಿಟ್ಟು ಓದಿದ ಮಗಳ ಬಗ್ಗೆ ಸಿಗುವ ವಿವರಣೆ ಅಷ್ಟೇ.

'ಆಗ್ಲಿಲ್ವಂತೆ ಕಣವ್ವ' ಎಂದು ಮಗುವಿಗೆ ಹೇಳುವ ಕೆಲಸ ಆ ತಾಯಿಯ ಮೇಲೆ ಬೀಳುತ್ತದೆ. ಅಂಕ ತಿಳಿದಿದ್ದರೆ ಇನ್ನೂ ಎರಡು ಲೆಕ್ಕ ಸರಿಯಾಗಿದ್ದರೆ ಸಿಗುತ್ತಿತ್ತು, ನೀನೇನು ದಡ್ಡಿಯಲ್ಲ ಎನ್ನಬಹುದಿತ್ತು. ಏನೂ ತಿಳಿಯದಿದ್ದಾಗ ಮಗು ತನಗೆ ಓದು ಹತ್ತುವುದಿಲ್ಲ ಎಂದೇ ತಿಳಿಯುತ್ತದೆ. ನೆಂಟರು, ಅಕ್ಕಪಕ್ಕದವರು ಅದನ್ನೇ ಗಟ್ಟಿ ಮಾಡುತ್ತಾರೆ. 80 ಸೀಟಿಗೆ ಇಡೀ ಜಿಲ್ಲೆ ಬರೆದಿದೆ ಎಂಬ ಸರಳ ಲೆಕ್ಕವನ್ನು ಯಾರೂ ಆ ಮಗುವಿಗೆ ಹೇಳಿರುವುದಿಲ್ಲ.

ಮೊರಾರ್ಜಿ ಶಾಲೆಗಳ ಪರೀಕ್ಷೆ ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಎಂಜಿನಿಯರಿಂಗ್ ಸಿಇಟಿ ನಡೆಸುವ ಸಂಸ್ಥೆಯೇ. ಪಾರದರ್ಶಕತೆಯಲ್ಲಿ ಇದು ನವೋದಯಕ್ಕಿಂತ ಮೇಲು: ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕೇಳುತ್ತದೆ, ಹೆತ್ತವರು ಕೊಟ್ಟ ಆದ್ಯತೆಯ ಪ್ರಕಾರ ಶಾಲೆ ಹಂಚುತ್ತದೆ. ತೊಡಕಿರುವುದು ಸುತ್ತುಗಳಲ್ಲಿ. ಮೊದಲ ಸುತ್ತು, ಎರಡನೇ ಸುತ್ತು, ಉಳಿದ ಸೀಟಿನ ಸುತ್ತು. ಪಟ್ಟಿ ಬಂದು ಕೆಲವೇ ದಿನದಲ್ಲಿ ದಾಖಲಾಗದಿದ್ದರೆ ಸೀಟು ಹೋಯಿತು. ಮನೆಗೆ ಹತ್ತಿರದ ಶಾಲೆ ಮುಂದಿನ ಸುತ್ತಿನಲ್ಲಿ ಸಿಗಬಹುದೆಂದು ಕಾದು, ಕೈಯಲ್ಲಿದ್ದದ್ದನ್ನೂ ಬಿಟ್ಟವರಿದ್ದಾರೆ. ಅತ್ತ ನವೋದಯದ ಕಾಯುವ ಪಟ್ಟಿ ತನ್ನದೇ ಗತಿಯಲ್ಲಿ ಸಾಗುತ್ತದೆ. ಅಲ್ಲಿ ಸೀಟು ಬಂದ ಮಗು ಇಲ್ಲಿನದನ್ನು ಬಿಡುತ್ತದೆ, ಇಲ್ಲಿ ತೆರವಾದದ್ದು ಇನ್ನೊಂದು ಮಗುವಿನ ಮನೆಗೆ ತಿಳಿಯುವ ಹೊತ್ತಿಗೆ ಆ ಮಗು ಕಾನ್ವೆಂಟಿಗೆ ಅಡ್ವಾನ್ಸ್ ಕಟ್ಟಿ ಸೇರಿಯಾಗಿರುತ್ತದೆ. ಆ ಹಣ ವಾಪಸು ಬರುವುದಿಲ್ಲ. ಈ ನಡುವೆ ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ. ಕೇಂದ್ರದ ಹಿಂದುಳಿದ ವರ್ಗಕ್ಕೆ ಬೇರೆ ನಮೂನೆ. ಹಳೆ ಶಾಲೆಯಿಂದ ಟಿ.ಸಿ. ತೆಗೆಯಬೇಕೋ ಬೇಡವೋ ಎಂಬ ಚಿಂತೆ. ದಿನಗೂಲಿ ಬಿಟ್ಟು ಈ ಎಲ್ಲಕ್ಕೂ ಅಲೆಯುವವರು ಹೆತ್ತವರು.

ಇಂಗ್ಲೆಂಡಿನಲ್ಲೂ ಹನ್ನೊಂದನೇ ವಯಸ್ಸಿಗೆ ಪರೀಕ್ಷೆ ಇಟ್ಟು ಗ್ರಾಮರ್ ಶಾಲೆಗೆ ಆರಿಸುವ ಪದ್ಧತಿ ಇದೆ. 1965ರ ನಂತರ ಬಹುತೇಕ ಕಡೆ ಅದನ್ನು ಕೈಬಿಟ್ಟರು. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್‌ನಂಥ ಕಡೆ ಉಳಿದಿದೆ. ಅಲ್ಲಿಯೂ ಕೋಚಿಂಗ್ ಕಾಟ ತಪ್ಪಿಲ್ಲ, ಅದನ್ನು ಮಾದರಿ ಎನ್ನಲಾರೆ. ಆದರೆ ತಿಳಿಸುವ ವಿಷಯದಲ್ಲಿ ಅವರಿಂದ ಕಲಿಯುವುದಿದೆ. ಪರೀಕ್ಷೆಯ ಫಲಿತಾಂಶ ಅಕ್ಟೋಬರ್‌ನಲ್ಲಿ, ಶಾಲೆಗಳ ಆದ್ಯತಾ ಪಟ್ಟಿ ಕೊಡುವ ಮೊದಲೇ, ಕೈಸೇರುತ್ತದೆ. ಎಲ್ಲ ಸರ್ಕಾರಿ ಶಾಲೆಗಳಿಗೂ ಸೇರಿ ಒಂದೇ ಅರ್ಜಿ, ಮಾರ್ಚ್ 1ಕ್ಕೆ ಎಲ್ಲರಿಗೂ ಒಂದೇ ದಿನ ಉತ್ತರ, ಮಗುವಿಗೆ ಒಂದೇ ಸೀಟು. ಒಪ್ಪಿಗೆಯಾಗದಿದ್ದರೆ ಸ್ವತಂತ್ರ ಸಮಿತಿಯ ಮುಂದೆ ಮೇಲ್ಮನವಿ. ಶಾಲೆ ತೆರೆಯುವುದು ಸೆಪ್ಟೆಂಬರ್‌ಗೆ. ತಯಾರಾಗಲು ಆರು ತಿಂಗಳು ಉಳಿಯುತ್ತದೆ. ಲಕ್ಷಾಂತರ ಮಕ್ಕಳಿಗೆ ಸಿಇಟಿ ಸೀಟನ್ನು ಕಂಪ್ಯೂಟರಿನಲ್ಲಿ ಹಂಚಬಲ್ಲ ನಮ್ಮ ರಾಜ್ಯಕ್ಕೆ ಇದು ಆಗದ ಕೆಲಸವಲ್ಲ.

ನಮ್ಮ ಕಾನೂನು ಏನನ್ನುತ್ತದೆ ಎಂಬುದನ್ನೂ ನೆನೆಯಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಶಾಲೆಗೆ ಸೇರಿಸುವಾಗ ಮಗುವನ್ನೋ ಹೆತ್ತವರನ್ನೋ ಪರೀಕ್ಷೆಗೆ ಒಡ್ಡುವುದನ್ನು ನಿಷೇಧಿಸುತ್ತದೆ. ನವೋದಯ, ಸೈನಿಕ ಶಾಲೆಯಂಥವನ್ನು ಅದೇ ಕಾಯ್ದೆ ನಿರ್ದಿಷ್ಟ ವರ್ಗದ ಶಾಲೆಗಳೆಂದು ಬೇರೆಯಾಗಿ ಹೆಸರಿಸಿದೆ, ಅಲ್ಲಿ ಪರೀಕ್ಷೆ ನಡೆಯುತ್ತಲೇ ಇದೆ. ಖಾಸಗಿ ಶಾಲೆ ಮಾಡಿದರೆ ತಪ್ಪಾಗುವುದನ್ನು ಸರ್ಕಾರವೇ ಮಾಡುವಾಗ, ಅದನ್ನು ಎರಡು ಪಟ್ಟು ಎಚ್ಚರದಿಂದ, ಬಿಚ್ಚುಮನಸ್ಸಿನಿಂದ ಮಾಡುವ ಹೊಣೆ ಅದರ ಮೇಲಿದೆ.

ಸೀಟು ಸಿಕ್ಕವರ ಬಗ್ಗೆಯೂ ಒಂದು ಮಾತು ಹೇಳಬೇಕು. ನವೋದಯದಲ್ಲಿ ಒಂಬತ್ತನೇ ತರಗತಿಯ ಶೇ 30ರಷ್ಟು ಮಕ್ಕಳನ್ನು ಒಂದು ವರ್ಷ ಹಿಂದಿ ಸೀಮೆಯ ನವೋದಯಕ್ಕೆ ಕಳಿಸುತ್ತಾರೆ, ಅಲ್ಲಿನವರು ಇಲ್ಲಿಗೆ ಬರುತ್ತಾರೆ. ನನಗೆ ಈ ಯೋಜನೆ ಇಷ್ಟವೇ. ಬೇರೆ ನಾಡು ಕಂಡ ಮಗು ಬೆಳೆಯುತ್ತದೆ. ಆದರೆ ಸೇರಿಸುವ ದಿನ ಈ ವಿಷಯ ಸರಿಯಾಗಿ ತಿಳಿಯದೆ, ಮೂರು ವರ್ಷದ ನಂತರ ಗಾಬರಿಯಾಗುವ ಮನೆಗಳಿವೆ. ಆಯ್ಕೆಯ ಒಂದು ಸಾಲಿನ ಜೊತೆಗೆ ಇದನ್ನೂ ಕನ್ನಡದಲ್ಲಿ ತಿಳಿಸಿದರೆ ಆಗುವ ನಷ್ಟವೇನು?

ನವೋದಯ ಸಮಿತಿ ಪ್ರತಿ ಮಗುವಿನ ಅಂಕವನ್ನೂ ಪ್ರತಿ ವರ್ಗದ ಕೊನೆಯ ಅಂಕವನ್ನೂ ಫಲಿತಾಂಶದ ದಿನವೇ ಕೊಡಲಿ. ಮಾನಸಿಕ ಸಾಮರ್ಥ್ಯದ ಪಾಲನ್ನು ಇಳಿಸಲಿ, ಇಲ್ಲವೇ ಅದನ್ನು ಪ್ರತಿ ಹಳ್ಳಿ ಶಾಲೆಯ ನಾಲ್ಕು, ಐದನೇ ತರಗತಿಗಳಲ್ಲಿ ಕಲಿಸುವ ವ್ಯವಸ್ಥೆ ಆಗಲಿ. ರಾಜ್ಯ ಸರ್ಕಾರ ಮೊರಾರ್ಜಿ, ಆದರ್ಶ ಶಾಲೆಗಳ ಪಟ್ಟಿಗಳನ್ನು ಒಂದೇ ದಿನ ಹೊರಡಿಸಿ, ಎಲ್ಲ ಸುತ್ತುಗಳನ್ನೂ ಮೇ ತಿಂಗಳೊಳಗೆ ಮುಗಿಸಲಿ. ಬಾಗೂರಿನಂಥ ಹೋಬಳಿ ಕೇಂದ್ರದ ಸರ್ಕಾರಿ ಶಾಲೆಗೆ ಪೂರ್ಣ ಸಂಖ್ಯೆಯ ಮೇಷ್ಟ್ರುಗಳನ್ನೂ ದೂರದ ಹಳ್ಳಿಯ ಮಕ್ಕಳಿಗೆ ಬಸ್ಸನ್ನೂ ಮೊದಲು ಕೊಡಲಿ, ಏಕೆಂದರೆ ಬರೆದವರಲ್ಲಿ ಬಹುಪಾಲು ಮಕ್ಕಳು ಜೂನ್‌ನಲ್ಲಿ ಹೋಗಿ ಕೂರುವುದು ಅಲ್ಲಿಯೇ.