ಹಣ್ಣಿನೊಳಗೂ ಒಂದು ಕಿಡಿ

ಸೃಷ್ಟಿಯ ಕಥೆ ಯಾವ ನಾಡಿನದಾದರೂ ನನಗೆ ಓದುವ ಆಸೆ. ಓದಿದಷ್ಟೂ ಹೊಸ ರುಚಿ ಬಿಡುವುದು ಮಾತ್ರ ಐಸಾಕ್ ಲೂರಿಯಾ ಹೇಳಿದ ಕಥೆ. 1534ರಲ್ಲಿ ಜೆರೂಸಲೇಮಿನಲ್ಲಿ ಹುಟ್ಟಿ ಈಜಿಪ್ಟಿನಲ್ಲಿ ಬೆಳೆದ ಈ ಯಹೂದಿ ಗುರು, 1570ರಲ್ಲಿ ಗಲಿಲಾಯದ ಬೆಟ್ಟದೂರಾದ ಸಫೇದ್‌ಗೆ ಬಂದರು. ಎರಡೇ ವರ್ಷಕ್ಕೆ ಪ್ಲೇಗು ಅವರನ್ನು ಒಯ್ದಿತು. ತಾವೇ ಬರೆದದ್ದು ಅತ್ಯಲ್ಪ; ಶಿಷ್ಯ ಹಯೀಮ್ ವಿಟಾಲ್ ಕಿವಿಗೊಟ್ಟು ಕೇಳಿ ಬರೆದಿಟ್ಟದ್ದರಿಂದ ಕಥೆ ನಮ್ಮವರೆಗೂ ಬಂದಿದೆ.

ಕಥೆಯ ಮೊದಲ ಹೆಜ್ಜೆಯೇ ಎಷ್ಟು ನವುರು! ದೇವರೇ ಎಲ್ಲೆಲ್ಲೂ ತುಂಬಿರುವಾಗ ಜಗತ್ತಿಗೆ ಜಾಗವೆಲ್ಲಿ? ಅದಕ್ಕೇ ಆತ ತನ್ನನ್ನು ಒಳಕ್ಕೆ ಸೆಳೆದುಕೊಂಡು ಒಂದಿಷ್ಟು ಬರಿದನ್ನು ಬಿಟ್ಟುಕೊಟ್ಟ. ಹೀಗೆ ಒಳಸರಿಯುವುದಕ್ಕೆ ತ್ಸಿಮ್ತ್ಸುಮ್ ಎಂದು ಹೆಸರು. ಆ ಬರಿದಿನೊಳಗೆ ಬೆಳಕಿನ ಎಳೆಯೊಂದು ಇಳಿಯಿತು. ಅದನ್ನು ಹಿಡಿದಿಡಲು ಪಾತ್ರೆಗಳಿದ್ದವು. ಮೇಲಿನ ಮೂರು ತಡೆದುಕೊಂಡವು. ಕೆಳಗಿನವು ಬೆಳಕಿನ ಭಾರ ತಾಳದೆ ಒಡೆದವು. ಬಹುಪಾಲು ಬೆಳಕು ಬಂದಲ್ಲಿಗೇ ಮರಳಿತು. ಉಳಿದ ಕಿಡಿಗಳು ಒಡೆದ ಚೂರುಗಳಿಗೆ ಅಂಟಿಕೊಂಡು, ಕೆಳಗೆ, ಇನ್ನೂ ಕೆಳಗೆ, ಕಲ್ಲಿನಲ್ಲಿ, ಹುಲ್ಲಿನಲ್ಲಿ, ಪ್ರಾಣಿಯಲ್ಲಿ, ಮನುಷ್ಯನಲ್ಲಿ ಸಿಕ್ಕಿಕೊಂಡವು.

ಇಲ್ಲಿ ನಾನು ಓದು ನಿಲ್ಲಿಸಿ ಸುಮ್ಮನೆ ಕೂರುತ್ತೇನೆ. ಬಿರುಕು ಮೂಡಿದ್ದು ಆದಾಮನಿಗಿಂತ ಮುಂಚೆ! ಮನುಷ್ಯ ಹುಟ್ಟುವಷ್ಟರಲ್ಲೇ ಜಗತ್ತು ಒಡೆದಿತ್ತು. ಕೂಡಿಸುವ ಕೆಲಸ ಆದಾಮನ ಕೈಗೆ ಬಂತು, ಅವನೂ ಎಡವಿದ, ಆಮೇಲೆ ಅದು ಹುಟ್ಟಿದ ಪ್ರತಿಯೊಬ್ಬರ ಪಾಲಿಗೂ ಬಂತು. ಅಷ್ಟೇ ಅಲ್ಲ, ಶೆಖೀನಾ ಎಂಬ ದೇವರ ಸಾನ್ನಿಧ್ಯವೂ ತನ್ನ ನೆಲೆ ತಪ್ಪಿ ಜನರ ಜೊತೆಯಲ್ಲೇ ಅಲೆಯುತ್ತಿದೆ. ಲೂರಿಯಾ ಈ ಕಥೆ ಹೇಳಿದ್ದು, 1492ರಲ್ಲಿ ಸ್ಪೇನಿನಿಂದ ಹೊರದಬ್ಬಿಸಿಕೊಂಡ ಯಹೂದಿಗಳ ಮಕ್ಕಳು ಮೊಮ್ಮಕ್ಕಳು ಸಫೇದಿನಲ್ಲಿ ಬೀಡುಬಿಟ್ಟಿದ್ದ ಕಾಲದಲ್ಲಿ. ನೆಲೆ ಕಳೆದುಕೊಂಡವರ ಸಂಕಟ ಈ ಕಥೆಯ ಒಡಲಲ್ಲಿದೆ ಎಂದು ವಿದ್ವಾಂಸ ಗೆರ್ಶೋಮ್ ಶೋಲೆಮ್ ಬಗೆದದ್ದು ನನಗೆ ಒಪ್ಪಿಗೆಯಾಗುತ್ತದೆ.

ಇಷ್ಟು ದೊಡ್ಡ ಕಥೆ ಬಂದಿಳಿಯುವುದು ಊಟದ ಮೇಜಿಗೆ! ಹಣ್ಣು ಕೈಗೆತ್ತಿಕೊಂಡವನು ಕಚ್ಚುವ ಮೊದಲು, ಮರದ ಫಲವನ್ನು ಸೃಷ್ಟಿಸಿದವನನ್ನು ಕೊಂಡಾಡುತ್ತಾನೆ. ಆ ಒಂದೇ ಉಸಿರಿನ ಮಾತಿನಿಂದ, ತಿನ್ನುವಾಗಿನ ಏಕಾಗ್ರ ಮನಸ್ಸಿನಿಂದ, ಹಣ್ಣಿನೊಳಗೆ ಅಡಗಿದ ಕಿಡಿ ಬಿಡುಗಡೆಯಾಗಿ ಮೇಲಕ್ಕೇರುತ್ತದೆ. ವಿಧಿಯೊಂದನ್ನು ಆಚರಿಸುವ ಮುಂಚೆ, ಪರಮಪವಿತ್ರನೂ ಶೆಖೀನಾಳೂ ಒಂದಾಗಲೆಂದು ಇದನ್ನು ಮಾಡುತ್ತಿದ್ದೇನೆ ಎಂಬ ಸಂಕಲ್ಪವನ್ನು ಹೇಳಿಕೊಳ್ಳುವವರೂ ಇದ್ದಾರೆ. ಶುಕ್ರವಾರ ಸಂಜೆ ಸಫೇದಿನ ಸಾಧಕರು ಬಿಳಿಯುಟ್ಟು ಬಯಲಿಗೆ ಹೋಗಿ, ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತನ್ನು ಮದುಮಗಳಂತೆ ಎದುರುಗೊಳ್ಳುತ್ತಿದ್ದರು. ಆ ಊರಿನ ಕವಿ ಶ್ಲೋಮೋ ಅಲ್ಕಬೆಟ್ಸ್ ಕಟ್ಟಿದ ‘ಲೆಖಾ ದೋದಿ’ ಹಾಡು ಇಂದಿಗೂ ಲೋಕದ ಸಿನಗಾಗುಗಳಲ್ಲಿ ಆ ಸಂಜೆ ಕೇಳಿಬರುತ್ತದೆ.

ಒಡೆದದ್ದನ್ನು ಕೂಡಿಸುವ ಈ ದುರಸ್ತಿಗೆ ತಿಕ್ಕುನ್ ಎಂದು ಹೆಸರು. ಈಚಿನವರು, ಅಮೆರಿಕದಲ್ಲಂತೂ, ಇದನ್ನು ಸಮಾಜಸೇವೆಗೆಲ್ಲ ಅನ್ವಯಿಸುತ್ತಾರೆ. ಒಳ್ಳೆಯದೇ. ಆದರೆ ಹಳೆಯ ಪಾಕದ ಸಾಂದ್ರತೆಯೇ ನನಗೆ ಹೆಚ್ಚು ಪ್ರಿಯ: ಅಲ್ಲಿ ಕೈ ಮಾಡುವ ಸಣ್ಣ ಕೆಲಸಕ್ಕೂ ದೇವರ ಏಕತೆಗೂ ನಡುವೆ ಗೋಡೆಯೇ ಇಲ್ಲ. ಗುರುಗಳು ಹೇನನ್ನೂ ಕೊಲ್ಲುತ್ತಿರಲಿಲ್ಲವೆಂದು ವಿಟಾಲ್ ಬರೆದಿದ್ದಾರೆ. ಕೂಲಿಯವನ ಹಣವನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂಬುದು ಯಹೂದಿ ಧರ್ಮಗ್ರಂಥ ತೋರಾದ ಕಟ್ಟಳೆ. ಕೂಲಿ ಬಾಕಿಯಿದ್ದ ದಿನ ಲೂರಿಯಾ ಅಪರಾಹ್ನದ ಪ್ರಾರ್ಥನೆಯನ್ನೇ ತಡೆಹಿಡಿದು, ಅವರಿವರಲ್ಲಿ ಕಾಸು ಕೇಳಿ ತಂದು, ಆಳಿನ ಲೆಕ್ಕ ಚುಕ್ತಾ ಮಾಡಿ, ಆಮೇಲೆ ಪ್ರಾರ್ಥನೆಗೆ ನಿಲ್ಲುತ್ತಿದ್ದರಂತೆ.